ಹದಿಹರೆಯದ ಬಾಲಕರ ಓದು ಮತ್ತು ನಿದ್ರೆ

ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ಮೊದಲು ಮೊಟಕಾಗುವುದು ಮಕ್ಕಳ ನಿದ್ರೆ. ರಾತ್ರಿ ಹನ್ನೊಂದರವರೆಗೆ ಓದಿ ಬೆಳಗಿನ ನಾಲ್ಕಕ್ಕೆ ಏಳುವ ಮಗನನ್ನು ನಾವು ಶ್ರದ್ಧಾವಂತನೆಂದು ಮೆಚ್ಚುತ್ತೇವೆ. ಆದರೆ ಹಗಲು ಓದಿದ ವಿಷಯ ನೆನಪಿನಲ್ಲಿ ನೆಲೆಗೊಳ್ಳುವ ಕಾರ್ಯ ಬಹುಮಟ್ಟಿಗೆ ನಡೆಯುವುದು ನಿದ್ರೆಯಲ್ಲಿಯೇ. ನಿದ್ರೆಗೆಡಿಸಿ ಓದಿಸುವುದು, ಬಿತ್ತಿದ ಬೀಜಕ್ಕೆ ಮಣ್ಣು ಮುಚ್ಚದೆ ಮುಂದಿನ ಸಾಲಿಗೆ ಹೋದಂತೆ.

ದೇಹದ ಗಡಿಯಾರ

ನಿದ್ರೆಯನ್ನು ಬರಿಸುವಲ್ಲಿ ಮೆಲಟೋನಿನ್ ಎಂಬ ರಸದೂತಕ್ಕೆ ಮುಖ್ಯ ಪಾತ್ರವಿದೆ. ಹದಿಹರೆಯದಲ್ಲಿ ಇದು ರಾತ್ರಿ ಸ್ರವಿಸತೊಡಗುವ ವೇಳೆ ಒಂದೆರಡು ಗಂಟೆಯಷ್ಟು ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಹತ್ತು ಗಂಟೆಗೂ ನಿದ್ರೆ ಬಾರದ, ಬೆಳಿಗ್ಗೆ ಎಬ್ಬಿಸಿದರೂ ಏಳದ ಹುಡುಗನನ್ನು ಸೋಮಾರಿಯೆಂದು ಜರೆಯುವುದು ತರವಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅಗತ್ಯವೆಂದು ವೈದ್ಯರು ಹೇಳುತ್ತಾರೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಗಾಢನಿದ್ರೆಯಲ್ಲಿಯೇ. ಐದು ಗಂಟೆ ಮಾತ್ರ ಮಲಗಿದವನು ತರಗತಿಯಲ್ಲಿ ತೂಕಡಿಸುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ.

ರಾತ್ರಿ ಹತ್ತಕ್ಕೆ ದೀಪ ಆರಿಸಿ ಬೆಳಿಗ್ಗೆ ಆರಕ್ಕೆ ಏಳುವ ಕ್ರಮ ಬಹುಪಾಲು ಮನೆಗಳಲ್ಲಿ ಸಾಧ್ಯ. ಮಲಗುವ ಒಂದು ಗಂಟೆ ಮೊದಲೇ ಮೊಬೈಲು ಕೋಣೆಯಿಂದ ಹೊರಗಿರಲಿ. ಹಿರಿಯರದೂ ಹಾಗೆಯೇ ಇದ್ದರೆ ಮಾತಿಗೆ ಬೆಲೆ ಬರುತ್ತದೆ. ಚಹಾ, ಕಾಫಿಯ ಕೆಫೀನು ಕುಡಿದ ಐದಾರು ಗಂಟೆಗಳ ಮೇಲೂ ಅರ್ಧದಷ್ಟು ದೇಹದಲ್ಲಿ ಉಳಿದಿರುವುದರಿಂದ ಸಂಜೆಯ ನಂತರ ಅವು ಬೇಡ. ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಡೆದರೆ ದೇಹದ ಗಡಿಯಾರ ಹದಕ್ಕೆ ಬರುತ್ತದೆ.

ಓದುವ ಬಗೆ

ನಿದ್ರೆಗೆ ಸಮಯ ಬಿಟ್ಟರೆ ಪಾಠ ಮುಗಿಯುವುದೆಂತು ಎಂಬ ಸಂಶಯ ಸಹಜ. ಉತ್ತರ ಓದುವ ಬಗೆಯಲ್ಲಿದೆ. ಒಂದೇ ಪುಟವನ್ನು ಹತ್ತು ಬಾರಿ ತಿರುವಿಹಾಕಿದರೆ ತಿಳಿದಂತೆ ಭಾಸವಾಗುತ್ತದೆ, ಉಳಿಯುವುದು ಕಡಿಮೆ. ನಲವತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ನೆನಪಾದುದನ್ನು ಖಾಲಿ ಹಾಳೆಯ ಮೇಲೆ ಬರೆಯಲಿ. ಬಿಟ್ಟುಹೋದುದನ್ನು ಮಾತ್ರ ಮತ್ತೆ ನೋಡಲಿ. ಅದೇ ಪಾಠವನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಹೀಗೆಯೇ ನೆನೆಯಲಿ. ಅಂತರ ಕೊಟ್ಟು ಕಲಿತದ್ದು ಹೆಚ್ಚು ಕಾಲ ಉಳಿಯುವುದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದನು.

ಆಟವನ್ನು ನಿಲ್ಲಿಸಬಾರದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ.

ಮೌನವನ್ನು ಗಮನಿಸೋಣ

‘ಗಂಡುಮಗ ಅಳಬಾರದು’ ಎಂಬ ಮಾತು ಕೇಳುತ್ತ ಬೆಳೆದ ಬಾಲಕರು ದುಃಖವನ್ನು ಹೇಳಿಕೊಳ್ಳುವುದು ವಿರಳ. ಅದು ಕೋಪವಾಗಿ, ತಲೆನೋವಾಗಿ, ಊಟ ಬಿಡುವುದಾಗಿ, ಗೆಳೆಯರಿಂದ ದೂರವಾಗುವುದಾಗಿ ಹೊರಬೀಳುತ್ತದೆ. ಇಂತಹ ಲಕ್ಷಣಗಳು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಮಾತನ್ನು ಮಗ ಆಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಕೂಡಲೇ ನೆರವು ಪಡೆಯಬೇಕು. ಆ ಕುರಿತು ನೇರವಾಗಿ ಕೇಳುವುದರಿಂದ ಅಂತಹ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ.

ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ನಮ್ಮ ರಾಜ್ಯದಲ್ಲಿದೆ. ಫಲಿತಾಂಶ ಬಂದ ದಿನವಲ್ಲ, ಅದಕ್ಕೂ ಬಹಳ ಮೊದಲೇ ಈ ಮಾತು ತಂದೆಯ ಬಾಯಿಂದ ಮಗನಿಗೆ ಕೇಳಿಸಬೇಕು. ಮನೆಗಳಲ್ಲಿಯೂ ಪ್ರಸಾದನಿಲಯಗಳಲ್ಲಿಯೂ ಮಕ್ಕಳನ್ನು ‘ಎಷ್ಟು ಓದಿದೆ?’ ಎಂದು ಕೇಳುವ ನಾವು, ‘ಚೆನ್ನಾಗಿ ನಿದ್ರೆ ಬಂತೆ?’ ಎಂದೂ ದಿನವೂ ವಿಚಾರಿಸೋಣ.