ನಾಯಿಗೆ ಮೊದಲು ದಕ್ಕಿದ ಮದ್ದು

1996ರ ಕೊನೆಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಂದು ವಿಷವನ್ನು ತಡೆಯುವ ಫೊಮೆಪಿಜೋಲ್ ಎಂಬ ಮದ್ದಿಗೆ ಒಪ್ಪಿಗೆ ಕೊಟ್ಟಿತು, ನಾಯಿಗಳಿಗಷ್ಟೇ. ಅದೇ ವಿಷ ಕುಡಿದ ಮನುಷ್ಯರಿಗೆ ಆ ಮದ್ದು ಸಿಕ್ಕಿದ್ದು 1997ರ ಡಿಸೆಂಬರಿನಲ್ಲಿ.

ವಿಷದ ಹೆಸರು ಎಥಿಲೀನ್ ಗ್ಲೈಕಾಲ್. ಚಳಿನಾಡುಗಳಲ್ಲಿ ಕಾರಿನ ರೇಡಿಯೇಟರ್ ನೀರು ಹೆಪ್ಪುಗಟ್ಟದಿರಲೆಂದು 1920ರ ದಶಕದಿಂದ ಬಳಕೆಗೆ ಬಂದ ದ್ರವ. ನಮ್ಮ ಗ್ಯಾರೇಜುಗಳ ಕೂಲೆಂಟ್‌ನಲ್ಲೂ ಸಾಮಾನ್ಯವಾಗಿ ಇರುವುದು ಇದೇ. ರುಚಿ ಸಿಹಿ, ಹಾಗಾಗಿ ನೆಲಕ್ಕೆ ಸೋರಿದ್ದನ್ನು ನಾಯಿ ನೆಕ್ಕುತ್ತದೆ. ದೇಹತೂಕದ ಕಿಲೋಗೆ 4.4 ಮಿಲಿಲೀಟರ್ ಒಳಗೆ ಹೋದರೂ ಪ್ರಾಣಾಪಾಯ.

ಗ್ಲೈಕಾಲ್ ತಾನಾಗಿ ಕೊಲ್ಲುವುದಿಲ್ಲ. ಯಕೃತ್ತಿನ ಕಿಣ್ವವೊಂದು ಅದನ್ನು ಆಮ್ಲಗಳಾಗಿ ಮಾರ್ಪಡಿಸುತ್ತದೆ. ಕೊನೆಗೆ ಹುಟ್ಟುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಕೂಡಿ ಮೂತ್ರಪಿಂಡದೊಳಗೆ ಹರಳುಗಟ್ಟುತ್ತದೆ. ಮೊದಲಿಗೆ ನಾಯಿ ಕುಡಿದಂತೆ ತೂರಾಡುತ್ತದೆ, ವಾಂತಿ ಮಾಡುತ್ತದೆ, ನೀರಿಗೆ ಹಾತೊರೆಯುತ್ತದೆ. ಅರ್ಧ ದಿನ ಕಳೆಯುವಷ್ಟರಲ್ಲಿ ಚೇತರಿಸಿಕೊಂಡಂತೆ ಕಾಣುವುದೂ ಉಂಟು. ಮನೆಯವರು ಸದ್ಯ ಬದುಕಿತು ಅಂದುಕೊಳ್ಳುವ ಹೊತ್ತಿಗೆ ಮೂತ್ರಪಿಂಡ ಕೆಡುತ್ತಿರುತ್ತದೆ. ಈ ವಿಷದ ಅತ್ಯಂತ ಕ್ರೂರ ಗುಣ ಇದು.

ಹಳೆಯ ಮದ್ದು ಮದ್ಯಸಾರ. ಕಿಣ್ವಕ್ಕೆ ಗ್ಲೈಕಾಲಿಗಿಂತ ಅದೇ ಹೆಚ್ಚು ಪ್ರಿಯ. ಕಿಣ್ವ ಅದರಲ್ಲಿ ತೊಡಗಿರುವಾಗ ಗ್ಲೈಕಾಲ್ ಮೂತ್ರದಲ್ಲಿ ಹೊರಬೀಳುತ್ತದೆ. ಆದರೆ ಮೊದಲೇ ಅಮಲೇರಿದ ನಾಯಿಗೆ ಇನ್ನಷ್ಟು ಅಮಲು, ಉಸಿರು ಕುಗ್ಗುವ ಭಯ. 1960ರ ದಶಕದಲ್ಲಿ ಸ್ಟಾಕ್‌ಹೋಮಿನ ನೊಬೆಲ್ ಪುರಸ್ಕೃತ ಹ್ಯೂಗೊ ಥಿಯೊರೆಲ್ ಮತ್ತು ಸಂಗಡಿಗರು ಈ ಕಿಣ್ವವನ್ನೇ ತಡೆಯುವ ಪೈರಜೋಲ್ ಗುಂಪಿನ ರಾಸಾಯನಿಕಗಳನ್ನು ಗುರುತಿಸಿದರು. ಅವುಗಳಲ್ಲೊಂದು ಫೊಮೆಪಿಜೋಲ್. ಅದನ್ನು ಪಶುವೈದ್ಯಕ್ಕೆ ತಂದವರಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಮೇರಿ ಆ್ಯನಾ ಥ್ರಾಲ್ ಮತ್ತು ಜೊತೆಗಾರರು ಮುಖ್ಯರು. ಪ್ರಯೋಗದ ನಾಯಿಗಳಿಗೆ ವಿಷ ಕುಡಿಸಿಯೇ ಅದು ಸಾಬೀತಾಗಬೇಕಾಯಿತು. ಆ ನಾಯಿಗಳ ಋಣ ಮರೆಯುವಂಥದ್ದಲ್ಲ.

ಪತ್ತೆಯೇ ಕಷ್ಟದ ಕೆಲಸ. ವಿಷ ಒಳಗೆ ಹೋದ ಸುಮಾರು ಆರು ಗಂಟೆಗಳಲ್ಲಿ ಮೂತ್ರದಲ್ಲಿ ಹರಳು ಕಾಣಿಸಬಹುದು. ರಕ್ತಪರೀಕ್ಷೆಯಲ್ಲಿ ಆಮ್ಲತೆ ಏರಿರುತ್ತದೆ. ಹಲವು ಕಂಪನಿಗಳು ಬೆರೆಸುವ ಬಣ್ಣದಿಂದಾಗಿ ನೇರಳಾತೀತ ದೀಪದಡಿ ನಾಯಿಯ ಬಾಯಿ, ಪಂಜ ಹೊಳೆಯುವುದುಂಟು. ಹೊಳೆಯದಿದ್ದರೆ ವಿಷವಿಲ್ಲ ಎಂದರ್ಥವಲ್ಲ. ಎಂಟು ಗಂಟೆಯೊಳಗೆ ಮದ್ದು ರಕ್ತನಾಳಕ್ಕೆ ಸೇರಿದರೆ ಹೆಚ್ಚಿನ ನಾಯಿಗಳು ಉಳಿಯುತ್ತವೆ. ಬೆಕ್ಕಿಗೆ ಇರುವ ಅವಕಾಶ ಮೂರೇ ಗಂಟೆ, ಬೇಕಾದ ಪ್ರಮಾಣ ಹಲವು ಪಟ್ಟು. ಆದ್ದರಿಂದ ನೆಕ್ಕಿದ್ದು ಕಣ್ಣಿಗೆ ಬಿದ್ದರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರ ಬಳಿಗೆ ಓಡಬೇಕು. ಮೂತ್ರಪಿಂಡ ಕೈಕೊಟ್ಟ ಮೇಲೆ ಫೊಮೆಪಿಜೋಲಿನಿಂದ ಪ್ರಯೋಜನವಿಲ್ಲ. ಉಳಿಯುವುದು ಡಯಾಲಿಸಿಸ್, ಅದೂ ಇರುವ ಊರುಗಳಲ್ಲಿ.