ಕಾರಿನಡಿಯ ನೆರಳು, ಹರಿದ ವಪೆ

ದೋಹಾದ ಅಬು ಹಮೂರ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಿಗೆ ಬರ. ವಿಲ್ಲಾಗಳ ಕಾಂಪೌಂಡಿನಾಚೆ ನಿಂತ ಕಾರುಗಳ ಅಡಿಯಲ್ಲಿ ಬೀದಿಬೆಕ್ಕುಗಳು ಕಾಲು ಚಾಚಿ ಮಲಗಿರುತ್ತವೆ. ಇಲ್ಲಿನ ಇಂಡಿಯನ್ ಕಲ್ಚರಲ್ ಸೆಂಟರಿಗೆ ಬಂದುಹೋಗುವ ಕನ್ನಡಿಗರಿಗೂ ಇದು ಮಾಮೂಲಿ ನೋಟ. ಕಾರು ಹೊರಟಾಗ ಮೈಮರೆತ ಬೆಕ್ಕೊಂದು ಹೊಡೆತ ತಿಂದರೂ ಎದ್ದು, ಗೋಡೆ ಹಾರಿ ಮರೆಯಾಗಬಹುದು. ಮೈಮೇಲೆ ಒಂದು ಗೀರೂ ಇಲ್ಲ.

ಒಳಗಿನ ಕತೆ ಬೇರೆ.

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿರುವ ಸ್ನಾಯುವಿನ ಪರದೆಯೇ ವಪೆ. ಶಾಲೆಯ ಪಾಠದಲ್ಲಿ ಓದಿ ಮರೆತದ್ದು! ಹೊಟ್ಟೆಗೆ ಗುದ್ದು ಬಿದ್ದ ಗಳಿಗೆಯಲ್ಲಿ ಗಂಟಲು ತೆರೆದಿದ್ದರೆ ಶ್ವಾಸಕೋಶದ ಗಾಳಿ ಹೊರನುಗ್ಗುತ್ತದೆ. ಎದೆಯ ಕಡೆಯಿಂದ ಆಸರೆ ತಪ್ಪಿ, ಕೆಳಗಿನ ಒತ್ತಡಕ್ಕೆ ವಪೆ ಹರಿಯುತ್ತದೆ. ಆ ಕಂಡಿಯಲ್ಲಿ ಎದೆಗೆ ನುಸುಳುವುದರಲ್ಲಿ ಯಕೃತ್ತೇ ಮುಂದು. ಸಣ್ಣ ಕರುಳು, ಜಠರ, ಗುಲ್ಮಗಳೂ ಹೋಗಬಹುದು. ಹೀಗೆ ಅಂಗಗಳು ಎದೆಗೆ ನುಸುಳುವುದೇ ವಪೆಯ ಹರ್ನಿಯಾ. ನಾಯಿ-ಬೆಕ್ಕುಗಳಲ್ಲಿ ಇದಕ್ಕೆ ವಾಹನದ ಪೆಟ್ಟೇ ಮುಖ್ಯ ಕಾರಣ.

ವಿಚಿತ್ರವೆಂದರೆ, ಕೆಲವು ಪ್ರಾಣಿಗಳು ಹರಿದ ವಪೆಯಲ್ಲೇ ತಿಂಗಳುಗಟ್ಟಲೆ ತಿಂದುಂಡು ಓಡಾಡುತ್ತವೆ. ವಾಂತಿಯೋ ತೂಕ ಇಳಿದದ್ದೋ ಕೊನೆಗೆ ವೈದ್ಯರ ಬಳಿ ತರುತ್ತದೆ. ಎದೆಗೆ ಹೊಕ್ಕ ಜಠರದಲ್ಲಿ ಗಾಳಿ ತುಂಬಿತೆಂದರೆ ಮಾತ್ರ ತಡಮಾಡುವಂತಿಲ್ಲ. ಮಲಗಲೊಲ್ಲದೆ ಕತ್ತು ಚಾಚಿ, ಮೊಣಕೈ ಅಗಲಿಸಿ ಕೂರುವ ಬೆಕ್ಕು, ಬಾಯಿ ತೆರೆದು ಉಸಿರಾಡುವ ಬೆಕ್ಕು ಅಪಾಯದಲ್ಲಿದೆ. ಅದನ್ನು ಅಂಗಾತ ಮಲಗಿಸುವುದಾಗಲಿ, ಹೊಟ್ಟೆ ಅಮುಕಿ ನೋಡುವುದಾಗಲಿ ಕೂಡದು. ಎದೆಯ ಭಾಗ ತುಸು ಎತ್ತರಕ್ಕಿರುವಂತೆ ಡಬ್ಬದಲ್ಲಿಟ್ಟು ಒಯ್ಯಬೇಕು. ಸ್ಟೆತೊಸ್ಕೋಪ್ ಇಟ್ಟರೆ ಎದೆಯಲ್ಲಿ ಕರುಳಿನ ಗುಳುಗುಳು ಕೇಳಿಸುವುದೂ ಉಂಟು. ಎಕ್ಸ್-ರೇ ತೆಗೆದಾಗ ವಪೆಯ ಗೆರೆಯೇ ಕಾಣದಿರಬಹುದು.

ಪೆಟ್ಟುಬಿದ್ದ ಮೊದಲ ದಿನ ಕತ್ತಿ ಹಿಡಿಯಬಾರದೆಂಬ ಮಾತು ಪಶುವೈದ್ಯರಲ್ಲಿ ಬಹುಕಾಲ ನಡೆದಿತ್ತು. 1990ರಿಂದ 2002ರವರೆಗಿನ 92 ನಾಯಿ-ಬೆಕ್ಕುಗಳ ದಾಖಲೆ ಪರಿಶೀಲಿಸಿದ, 2005ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಸಡಿಲಿಸಿತು. ಬೇಗ ಶಸ್ತ್ರಚಿಕಿತ್ಸೆಯಾದವುಗಳಲ್ಲೂ ಸುಮಾರು ಶೇ 90ರಷ್ಟು ಬದುಕಿದ್ದವು. ಹಾಗೆಂದು ಆತುರವೂ ಸಲ್ಲದು. ಮೊದಲು ಆಮ್ಲಜನಕ ಕೊಟ್ಟು ಆಘಾತದಿಂದ ಚೇತರಿಸಿಕೊಳ್ಳಲು ಬಿಡಬೇಕು. ಬಹುದಿನ ಮುದುಡಿದ್ದ ಶ್ವಾಸಕೋಶವನ್ನು ಒಮ್ಮೆಲೇ ಉಬ್ಬಿಸಿದರೆ ಅದರಲ್ಲಿ ನೀರು ತುಂಬೀತು.

ಕಾರಿನ ಹಂಗೇ ಇಲ್ಲದ ಹರ್ನಿಯಾವೂ ಇದೆ. ಹುಟ್ಟುವಾಗಲೇ ವಪೆಯಲ್ಲಿ ಕಂಡಿ ಉಳಿದು, ಯಕೃತ್ತಿನ ಭಾಗ ಹೃದಯದ ಚೀಲದೊಳಗೇ ಸೇರಿರುತ್ತದೆ. ನಾಯಿಗಳಲ್ಲಿ ವೈಮರನರ್, ಬೆಕ್ಕುಗಳಲ್ಲಿ ಪರ್ಷಿಯನ್ ತಳಿಗೆ ಇದು ಹೆಚ್ಚು. ಫ್ಲ್ಯಾಟಿನ ಸೋಫಾ ಬಿಟ್ಟಿಳಿಯದ ಪರ್ಷಿಯನ್ ಬೆಕ್ಕಿನಲ್ಲಿ ಇದು ಬೇರಾವುದಕ್ಕೋ ತೆಗೆಸಿದ ಎಕ್ಸ್-ರೇಯಲ್ಲಿ ಪತ್ತೆಯಾಗಬಹುದು. ತೊಂದರೆಯೇನೂ ಇಲ್ಲದಿದ್ದರೆ ವೈದ್ಯರು ಕೆಲವೊಮ್ಮೆ ಅದನ್ನು ಹಾಗೆಯೇ ಬಿಟ್ಟು, ಆಗಾಗ ನೋಡುತ್ತಿರುತ್ತಾರೆ.