ನಿಕೊಲಾ ಕೋಲ್ಸಾರ್ಟ್ಸ್: ದೂರದ ಹೊಡೆತದ ಲಾಭ ನಷ್ಟ

ಬ್ರಸೆಲ್ಸ್‌ನಲ್ಲಿ 1982ರಲ್ಲಿ ಹುಟ್ಟಿದ ನಿಕೊಲಾ ಕೋಲ್ಸಾರ್ಟ್ಸ್, 2000ನೇ ಇಸವಿಯ ಕೊನೆಗೆ, 18ರ ವಯಸ್ಸಿನಲ್ಲಿ ವೃತ್ತಿಪರ ಗಾಲ್ಫ್‌ಗೆ ಇಳಿದರು. ಅಲ್ಲಿಂದೀಚೆಗೆ ಯುರೋಪಿಯನ್ ಟೂರ್‌ನಲ್ಲಿ ಅವರು ಗೆದ್ದ ಪಂದ್ಯಾವಳಿಗಳು ಮೂರೇ: 2011ರ ಚೀನಾ ಓಪನ್, 2012ರ ವರ್ಲ್ಡ್ ಮ್ಯಾಚ್ ಪ್ಲೇ ಮತ್ತು 2019ರ ಫ್ರೆಂಚ್ ಓಪನ್. ಅವರ ಹೆಸರು ಹಬ್ಬಿದ್ದು ಗೆಲುವುಗಳಿಗಿಂತ ಹೆಚ್ಚಾಗಿ ಹೊಡೆತದ ದೂರದಿಂದ. 2014ರ ವೇಲ್ಸ್ ಓಪನ್‌ನಲ್ಲಿ ಅವರ ಒಂದು ಡ್ರೈವ್ 447 ಗಜ, ಅಂದರೆ ಸುಮಾರು 409 ಮೀಟರ್ ಹೋಗಿ ನಿಂತಿತು. ಆಗ ಅದು ಟೂರ್‌ನ ದಾಖಲೆ. ಎಷ್ಟೋ ಹೋಲ್‌ಗಳ ಒಟ್ಟು ಉದ್ದವೇ ಅಷ್ಟಿರುವುದಿಲ್ಲ. ‘ಬೆಲ್ಜಿಯನ್ ಬಾಂಬರ್’ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಇಂಥ ಹೊಡೆತಗಳಿಂದಲೇ. ತೋಳಿನಲ್ಲಿ ಅಷ್ಟು ಕಸುವಿದ್ದೂ ಕೈಗೆ ಬಂದದ್ದು ಇಷ್ಟೇ ಎಂದು ಮರುಗುವವರು ಬಹಳ. ಆ ಮರುಕ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕೋಲ್ಸಾರ್ಟ್ಸ್ ಅವರ ಏಳುಬೀಳುಗಳಿಗೆ ಅವರ ತೋಳು ಎಷ್ಟು ಕಾರಣವೋ, ಗಾಲ್ಫ್‌ನಲ್ಲಿ ಅಂಕ ಎಣಿಸುವ ರೀತಿಯೂ ಅಷ್ಟೇ ಕಾರಣ.

ದೂರ ಹೊಡೆಯುವವನ ತಾಪತ್ರಯ ಸರಳ ರೇಖಾಗಣಿತದ್ದು. ಚೆಂಡು ಗುರಿಯಿಂದ ಮೂರು ಡಿಗ್ರಿ ಓರೆಯಾಗಿ ಹೊರಟಿತು ಎನ್ನಿ. 250 ಗಜ ಹೊಡೆಯುವವನ ಚೆಂಡು ಸುಮಾರು 13 ಗಜ ಪಕ್ಕಕ್ಕೆ ಬೀಳುತ್ತದೆ, 320 ಗಜ ಹೊಡೆಯುವವನದು ಸುಮಾರು 17 ಗಜ. ಆ ನಾಲ್ಕು ಗಜದ ಅಂತರದಲ್ಲೇ ಒಬ್ಬನ ಚೆಂಡು ಹುಲ್ಲಿನ ಅಂಚಿನಲ್ಲಿ ಉಳಿಯಬಹುದು, ಇನ್ನೊಬ್ಬನದು ಮರದ ಬುಡಕ್ಕೋ ನೀರಿಗೋ ಹೋಗಬಹುದು. ಸಾಮಾನ್ಯ ಪಂದ್ಯಾವಳಿಯಲ್ಲಿ ನಾಲ್ಕು ದಿನ, 72 ಹೋಲ್, ಒಂದು ಹೊಡೆತವೂ ಲೆಕ್ಕ ತಪ್ಪುವುದಿಲ್ಲ. ಗುರುವಾರ ನೀರಿಗೆ ಬಿದ್ದ ಚೆಂಡು ಭಾನುವಾರದವರೆಗೂ ಬೆನ್ನು ಬಿಡದು. ಮ್ಯಾಚ್ ಪ್ಲೇಯಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಹೋಲೂ ಬೇರೆಯೇ ಪೈಪೋಟಿ. ಒಂಬತ್ತು ಹೊಡೆತ ಹಿಡಿದರೂ ಕಳೆದುಕೊಳ್ಳುವುದು ಆ ಒಂದು ಹೋಲನ್ನಷ್ಟೇ. ಇನ್ನು ಫೋರ್‌ಬಾಲ್‌ನಲ್ಲಿ ಇಬ್ಬರು ಜೊತೆಗಾರರು ತಮ್ಮತಮ್ಮ ಚೆಂಡು ಆಡುತ್ತಾರೆ, ಇಬ್ಬರಲ್ಲಿ ಉತ್ತಮವಾದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಬ್ಬ ಎಚ್ಚರದಿಂದ ಆಡುತ್ತಿದ್ದರೆ ಇನ್ನೊಬ್ಬನಿಗೆ ಕೈ ಬೀಸಲು ಸಲುಗೆ.

2012ರಲ್ಲಿ ಆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಆ ವರ್ಷ ಸ್ಪೇನ್‌ನ ಮ್ಯಾಚ್ ಪ್ಲೇ ಫೈನಲ್‌ನಲ್ಲಿ ಅವರು ಸೋಲಿಸಿದ್ದು 2010ರ ಯು.ಎಸ್. ಓಪನ್ ವಿಜೇತ ಗ್ರೇಮ್ ಮೆಕ್‌ಡೊವೆಲ್ ಅವರನ್ನು. ಬಳಿಕ ಯುರೋಪಿನ ನಾಯಕ ಹೋಸೆ ಮರಿಯಾ ಒಲಾಸಾಬಲ್ ತಮ್ಮ ಸ್ವಂತ ಆಯ್ಕೆಯಾಗಿ ಕೋಲ್ಸಾರ್ಟ್ಸ್ ಅವರನ್ನು ರೈಡರ್ ಕಪ್ ತಂಡಕ್ಕೆ ಸೇರಿಸಿಕೊಂಡರು. ಯುರೋಪು ಮತ್ತು ಅಮೆರಿಕದ ನಡುವಿನ ಆ ಹಣಾಹಣಿಯಲ್ಲಿ ಆಡಿದ ಮೊದಲ ಬೆಲ್ಜಿಯನ್ ಅವರು. ಶಿಕಾಗೋ ಬಳಿಯ ಮೆಡೈನಾದಲ್ಲಿ ಮೊದಲ ದಿನದ ಮಧ್ಯಾಹ್ನ ಲೀ ವೆಸ್ಟ್‌ವುಡ್ ಜೊತೆ ಫೋರ್‌ಬಾಲ್‌ಗೆ ಇಳಿದಾಗ ಎದುರಿಗಿದ್ದದ್ದು ಟೈಗರ್ ವುಡ್ಸ್ ಮತ್ತು ಸ್ಟೀವ್ ಸ್ಟ್ರಿಕರ್. ಕೋಲ್ಸಾರ್ಟ್ಸ್ ಎಂಟು ಬರ್ಡಿ (ಹೋಲ್‌ಗೆ ನಿಗದಿಯಾದದ್ದಕ್ಕಿಂತ ಒಂದು ಹೊಡೆತ ಕಡಿಮೆ), ಒಂದು ಈಗಲ್ (ಎರಡು ಕಡಿಮೆ) ಬಾರಿಸಿದರು. 17ನೇ ಹೋಲ್‌ನಲ್ಲಿ ವುಡ್ಸ್ ಚೆಂಡನ್ನು ಕುಳಿಯ ಹತ್ತಿರಕ್ಕೆ ತಂದಿಟ್ಟಿದ್ದಾಗ, ಇವರು ದೂರದಿಂದಲೇ ಪಟ್ ಮಾಡಿ ಕುಳಿಗೆ ಇಳಿಸಿಬಿಟ್ಟರು. ಗೆಲುವು ಒಂದು ಹೋಲ್ ಅಂತರದ್ದು. ಆ ಮಧ್ಯಾಹ್ನದ ನಾಲ್ಕು ಪಂದ್ಯಗಳಲ್ಲಿ ಯುರೋಪಿಗೆ ದಕ್ಕಿದ್ದು ಅದೊಂದೇ ಅಂಕ. ಭಾನುವಾರ ಯುರೋಪು ಕಪ್ ಗೆದ್ದದ್ದು 14½–13½ರಿಂದ. ಶುಕ್ರವಾರದ ಆ ಅಂಕ ಕೈತಪ್ಪಿದ್ದರೆ ಕಪ್ ಅಮೆರಿಕದ ಪಾಲಾಗುತ್ತಿತ್ತು.

ಇದಕ್ಕೆ ತಕರಾರು ಇಲ್ಲದಿಲ್ಲ. ಅಷ್ಟು ಬಿಗಿಯಾಗಿ ಮುಗಿದ ಕಪ್‌ನಲ್ಲಿ ಪ್ರತಿಯೊಂದು ಅಂಕವೂ ನಿರ್ಣಾಯಕವೇ. ಮೇಲಾಗಿ ಕೋಲ್ಸಾರ್ಟ್ಸ್ ಉಳಿದ ಮೂರೂ ಪಂದ್ಯ ಸೋತರು, ಅದರಲ್ಲೊಂದು ಪಾಲ್ ಲಾರಿ ಜೊತೆ ಆಡಿದ ಫೋರ್‌ಬಾಲೇ. ಆಟದ ಮಾದರಿಯೇ ಅವರ ಪರವಾಗಿದ್ದರೆ ಶನಿವಾರ ಯಾಕೆ ಸೋತರು? ಪ್ರಶ್ನೆ ಸರಿಯೇ. ಆದರೆ ಮಾದರಿ ಕೊಡುವುದು ಧೈರ್ಯವನ್ನು, ಗೆಲುವಿನ ಖಾತರಿಯನ್ನಲ್ಲ. ನುಗ್ಗಿ ಆಡುವವನ ಆಟ ದಿನದಿಂದ ದಿನಕ್ಕೆ ಹೊಯ್ದಾಡುವುದು ಸಹಜ, ಮತ್ತು ಶನಿವಾರದ ಆ ಸೋಲೂ ಒಂದೇ ಹೋಲ್‌ನದು. ಇಂಥ ಆಟಗಾರನನ್ನು ಸರಾಸರಿಯಿಂದ ಅಳೆದರೆ ಅವನು ಯಾವಾಗಲೂ ಸಾಧಾರಣನಾಗಿಯೇ ಕಾಣುತ್ತಾನೆ.

ನನ್ನ ವಾದಕ್ಕೆ ನಿಜವಾಗಿ ಮುಳ್ಳಾಗುವುದು 2019ರ ಫ್ರೆಂಚ್ ಓಪನ್. ಏಳು ವರ್ಷ ಒಂದೂ ಗೆಲುವಿಲ್ಲದೆ, ಅಮೆರಿಕದ ಪಿಜಿಎ ಟೂರ್‌ನಲ್ಲೂ ನೆಲೆ ಸಿಗದೆ ಮರಳಿದ್ದ ಅವರು ಗೆದ್ದದ್ದು ಪ್ಯಾರಿಸ್ ಹತ್ತಿರದ ಲೆ ಗಾಲ್ಫ್ ನ್ಯಾಷನಲ್‌ನಲ್ಲಿ, ಅದೂ ಪ್ರತಿ ಹೊಡೆತ ಎಣಿಸುವ ಆಟದಲ್ಲಿ. ಫೇರ್‌ವೇ ಇಕ್ಕಟ್ಟು, ಕೊನೆಯ ಹೋಲ್‌ಗಳಿಗೆ ನೀರಿನ ಕಾವಲು. ಹಿಂದಿನ ವರ್ಷ ಅಮೆರಿಕದ ದೂರ ಹೊಡೆಯುವವರು ರೈಡರ್ ಕಪ್‌ನಲ್ಲಿ ಇಲ್ಲೇ ಮುಗ್ಗರಿಸಿದ್ದರು. ಹೀಗಾಗಿ ನನ್ನ ಮಾತನ್ನು ಕೊಂಚ ತಿದ್ದಿಕೊಳ್ಳಬೇಕು: 36ರ ಕೋಲ್ಸಾರ್ಟ್ಸ್ ಬರೀ ಬಾಂಬರ್ ಆಗಿರಲಿಲ್ಲ.

ಬೆಲ್ಜಿಯನ್ ಗಾಲ್ಫ್ ಇವರಿಂದಲೇ ಶುರುವಾಯಿತು ಎನ್ನುವುದೂ ಸರಿಯಲ್ಲ. ಫ್ಲೋರಿ ವಾನ್ ಡಾಂಕ್ 1956 ಮತ್ತು 1959ರ ಬ್ರಿಟಿಷ್ ಓಪನ್‌ನಲ್ಲಿ ಎರಡನೇ ಸ್ಥಾನ ಪಡೆದವರು. ರೈಡರ್ ಕಪ್ ಬಾಗಿಲು ಯುರೋಪ್ ಖಂಡದವರಿಗೆ ತೆರೆದದ್ದೇ 1979ರಲ್ಲಿ, ಅಷ್ಟರಲ್ಲಿ ಅವರ ಕಾಲ ಕಳೆದಿತ್ತು. ಇತ್ತ ಥಾಮಸ್ ಪೀಟರ್ಸ್ 2016ರ ರೈಡರ್ ಕಪ್‌ನಲ್ಲಿ ಐದರಲ್ಲಿ ನಾಲ್ಕು ಪಂದ್ಯ ಗೆದ್ದರೆ, ಥಾಮಸ್ ಡೆಟ್ರಿ 2025ರಲ್ಲಿ ಫೀನಿಕ್ಸ್ ಓಪನ್ ಗೆದ್ದು ಪಿಜಿಎ ಟೂರ್‌ನಲ್ಲಿ ಬೆಲ್ಜಿಯಂಗೆ ಮೊದಲ ಗೆಲುವು ತಂದರು. ಅಂಕಿಅಂಶ ಮುಂದಿಟ್ಟರೆ ಇಬ್ಬರೂ ಕೋಲ್ಸಾರ್ಟ್ಸ್‌ಗಿಂತ ಒಂದು ತೂಕ ಹೆಚ್ಚೇ. 2022ರಲ್ಲಿ ಕೋಲ್ಸಾರ್ಟ್ಸ್ ತಮಗೆ ಮೂತ್ರಪಿಂಡದ ಅಪರೂಪದ ಕಾಯಿಲೆ ಇದೆಯೆಂದು ತಿಳಿಸಿದರು. ಚೇತರಿಸಿಕೊಂಡ ಮೇಲೆ ಅವರನ್ನು 2023ರ ರೋಮ್ ರೈಡರ್ ಕಪ್‌ಗೆ ಯುರೋಪಿನ ನಾಯಕ ಲ್ಯೂಕ್ ಡೊನಾಲ್ಡ್ ಉಪನಾಯಕರಲ್ಲಿ ಒಬ್ಬರನ್ನಾಗಿ ಕರೆಸಿಕೊಂಡರು. ನಾಲ್ಕು ಪಂದ್ಯದಲ್ಲಿ ಮೂರು ಸೋತವರಿಗೆ ಈ ಹೊಣೆ ಯಾಕೆಂದು ಕೇಳಬಹುದು. ಯಾರನ್ನು ಯಾರ ಜೊತೆ ಆಡಿಸಬೇಕು, ಯಾರಿಗೆ ಕೈ ಬೀಸಲು ಬಿಡಬೇಕು ಎಂದು ನಾಯಕನಿಗೆ ಸಲಹೆ ಕೊಡುವ ಜಾಗ ಅದು. ಆ ವಿಷಯದ ಲಾಭ ನಷ್ಟ ಎರಡನ್ನೂ ಅವರು ಮೈಮೇಲೆ ಹಾಕಿಕೊಂಡು ಕಲಿತಿದ್ದರು. ಯುರೋಪು 16½–11½ರಿಂದ ಗೆದ್ದಿತು.